ಕಂಬಳಿ ಹಬ್ಬ

ಡಿಸೆಂಬರ್ ಇಪ್ಪತ್ತು ದಾಟಿತೆಂದರೆ ನಮ್ಮ ಮನೆಗೆ ಅತ್ತೆ ಬರುತ್ತಾರೆ. ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಸೋದರಮಾವನ ಹೆಂಡತಿ. ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಬೆಳಗ್ಗೆ ಹೊರಟು, ದಾವಣಗೆರೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಹೊನ್ನಾಳಿಯ ನಮ್ಮ ಮನೆ ಮುಟ್ಟುವಾಗ ಊಟದ ಹೊತ್ತು ಮೀರಿರುತ್ತದೆ. ಕೈಯಲ್ಲೊಂದು ವೈರ್ ಬ್ಯಾಗು. ಅದರೊಳಗೆ ನನಗೆ ಕ್ರಿಸ್‌ಮಸ್ ಉಡುಗೊರೆ.

ನಾವು ಕ್ರೈಸ್ತರಲ್ಲ. ಅತ್ತೆಯ ಮನೆ ಎಂದರೆ ನನ್ನ ಅವ್ವನ ತವರು. ಕುರಿ ಸಾಕುವ, ಮಳೆ ಬಂದ ವರ್ಷ ಮೆಕ್ಕೆಜೋಳ ಬಿತ್ತುವ ಮನೆ. ಆ ಮನೆಯವರು ಯಾರೂ ಚರ್ಚನ್ನು ಒಳಗಿನಿಂದ ನೋಡಿದವರಲ್ಲ. ಆದರೂ ನಲವತ್ತು ವರ್ಷಗಳಿಂದ ಆ ಮನೆಯಿಂದ ನನಗೆ ಈ ಹಬ್ಬಕ್ಕೆ ಏನಾದರೊಂದು ಬರುತ್ತಲೇ ಇದೆ. ಒಂದು ವರ್ಷವೂ ತಪ್ಪಿಲ್ಲ. ಪಕ್ಕದ ಮನೆಯಾಕೆ ಒಮ್ಮೆ ದನಿ ತಗ್ಗಿಸಿ, "ನೀವು ಯಾವಾಗ ರೀ ಆ ಕಡೆ ಸೇರಿದ್ದು?" ಎಂದು ಕೇಳಿದ್ದರು. ಎಲ್ಲಿಂದ ಶುರುಮಾಡಿ ಹೇಳಬೇಕೆಂದು ತಿಳಿಯದೆ, "ಸೇರಿಲ್ಲ ರೀ, ಸಿಕ್ಕಿಹಾಕ್ಕೊಂಡಿದೀವಿ" ಎಂದಿದ್ದೆ.

ನಿಜ ಹೇಳಬೇಕೆಂದರೆ ಡಿಸೆಂಬರ್ ಎಂದರೆ ನನಗೆ ಸುಸ್ತು. ಉಳಿದ ತಿಂಗಳು ಸುಸ್ತಿಲ್ಲ ಎಂದಲ್ಲ. ನಾನು ಸವಳಂಗದ ಆಚೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಸಹಾಯಕಿ. ಹೊನ್ನಾಳಿಯಿಂದ ನ್ಯಾಮತಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ಸಿಕ್ಕವರ ಬೈಕು, ಯಾರೂ ಸಿಗದಿದ್ದರೆ ಕಾಲು. ಗುರುವಾರ ಲಸಿಕೆ, ಉಳಿದ ದಿನ ಬಸುರಿಯರ ಮನೆ, ಬಾಣಂತಿಯರ ಮನೆ, ಬಿಪಿ, ಶುಗರ್. ಒಂದು ಮಗು ಹುಟ್ಟಿದರೆ ಅದರ ತೂಕವನ್ನು ಮೂರು ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಟ್ಯಾಬಿನಲ್ಲಿ ಒತ್ತಬೇಕು, ನೆಟ್‌ವರ್ಕ್ ಸಿಗದಿದ್ದರೆ ಸಂಜೆ ಮನೆಗೆ ಬಂದು ಮತ್ತೆ ಒತ್ತಬೇಕು. ವಯಸ್ಸು ಐವತ್ತಾಯಿತು. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಪಾದ ನನ್ನದಲ್ಲ ಎನ್ನಿಸುತ್ತದೆ. ಇಂಥದರಲ್ಲಿ ವರ್ಷಕ್ಕೊಮ್ಮೆ ಸಿಗುವ ಇಪ್ಪತ್ತೈದನೇ ತಾರೀಖಿನ ರಜೆಯೂ ಅತ್ತೆಯ ಸತ್ಕಾರಕ್ಕೆ ಹೋಗುತ್ತದೆ. ನೀರು ಕಾಯಿಸು, ಹೋಳಿಗೆ ತಟ್ಟು, ಊರಿನ ಸುದ್ದಿಗೆಲ್ಲ ಹೂಂ ಅನ್ನು. ಅವರು ಬರುವ ಮೊದಲೇ ಯಾವಾಗ ಹೋಗುತ್ತಾರೆಂದು ಎಣಿಸುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಎಣಿಸುತ್ತಿದ್ದುದು ಸುಳ್ಳಲ್ಲ.

ಯಾರನ್ನೂ ದೂರುವ ಹಾಗಿಲ್ಲ. ಈ ಹಬ್ಬವನ್ನು ಹುಟ್ಟಿಸಿದವಳು ನಾನೇ. ಒಂಬತ್ತು ವರ್ಷದವಳಿದ್ದಾಗ, ಒಂದು ಸುಳ್ಳು ಹೇಳಿ.

ಅಪ್ಪ ಆಗ ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ತೂಕ ಹಾಕುತ್ತಿದ್ದರು. ನನ್ನನ್ನು ಸಿಸ್ಟರ್‌ಗಳು ನಡೆಸುವ ಶಾಲೆಗೆ ಹಾಕಿದ್ದರು. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಕಂಪೌಂಡರ್ ಮಗಳು ಕ್ರೈಸ್ತಳು. ಮೂರನೇ ಕ್ಲಾಸಿನ ಕ್ರಿಸ್‌ಮಸ್ ರಜೆ ಮುಗಿಸಿ ಬಂದವಳು ಒಂದು ಬೊಂಬೆ ತಂದಿದ್ದಳು. ಮಲಗಿಸಿದರೆ ಕಣ್ಣು ಮುಚ್ಚುತ್ತಿತ್ತು, ಎತ್ತಿದರೆ ತೆರೆಯುತ್ತಿತ್ತು. ಅವಳ ಅಜ್ಜ ಅಜ್ಜಿ ಮಂಗಳೂರಿನಿಂದ ಕಳಿಸಿದ್ದಂತೆ. ನಾನು ಮುಟ್ಟಲು ಹೋದರೆ, "ನಿನ್ನ ಕೈ ತೊಳ್ಕೊಂಡು ಬಾ" ಎಂದಳು. ತೊಳೆದುಕೊಂಡು ಬಂದೆ. ಅಷ್ಟರಲ್ಲಿ ಬೊಂಬೆಯನ್ನು ಚೀಲದೊಳಗೆ ಇಟ್ಟುಬಿಟ್ಟಿದ್ದಳು. ಆ ಸಿಟ್ಟು ನನಗೆ ಮುಂದಿನ ದಸರಾ ರಜೆಯವರೆಗೂ ಇತ್ತು. ನಾನು ಸಿಟ್ಟನ್ನು ಬೇಗ ಬಿಡುವವಳಲ್ಲ.

ದಸರಾ ರಜೆಗೆ ಬಿಳಿಚೋಡಿಗೆ ಹೋದವಳು, ಅಜ್ಜ ಹಟ್ಟಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಾಗ ಹತ್ತಿರ ಹೋಗಿ ಹೇಳಿದೆ. ನಮ್ಮ ಶಾಲೆಯಲ್ಲಿ ಕ್ರಿಸ್‌ಮಸ್ ಅಂತ ಒಂದು ಹಬ್ಬ ಮಾಡುತ್ತಾರೆ. ಆ ಹಬ್ಬಕ್ಕೆ ಎಲ್ಲರೂ ಅಜ್ಜ ಅಜ್ಜಿ ಕೊಟ್ಟ ಉಡುಗೊರೆ ತರಬೇಕು. ತರದವರನ್ನು ಕ್ಲಾಸಿನಿಂದ ಹೊರಗೆ ನಿಲ್ಲಿಸುತ್ತಾರೆ. ಈ ಕೊನೆಯ ಮಾತು ಮಾತ್ರ ಆ ಗಳಿಗೆಯಲ್ಲಿ ಹೊಳೆದದ್ದು. ಹೇಳುತ್ತಿದ್ದಂತೆ ನನಗೇ ಅಳು ಬಂತು.

"ಅದು ಯಾವ ಹಬ್ಬನೇ?" ಎಂದರು ಅಜ್ಜ. ಅವರಿಗೆ ಹಬ್ಬವೆಂದರೆ ಒಂದು ಕಥೆ ಇರಬೇಕು. ನನಗೆ ಗೊತ್ತಿದ್ದಷ್ಟು ಹೇಳಿದೆ. ಊರಿಂದೂರಿಗೆ ಹೊರಟ ಗಂಡ ಹೆಂಡತಿ, ಅವಳಿಗೆ ದಿನ ತುಂಬಿತ್ತು, ಯಾರೂ ಜಾಗ ಕೊಡಲಿಲ್ಲ, ಕೊಟ್ಟಿಗೆಯಲ್ಲಿ ಹೆರಿಗೆಯಾಯಿತು, ದೇವರ ಮಗು. ಆ ಸುದ್ದಿಯನ್ನು ದೇವದೂತ ಮೊದಲು ಹೇಳಿದ್ದು ಹೊಲದಲ್ಲಿದ್ದ ಕುರಿ ಕಾಯುವವರಿಗೆ.

ಅಜ್ಜ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಕುರಿ ಕಾಯೋರಿಗಾ? ಗೌಡ್ರಿಗೆ, ಶಾನುಭೋಗ್ರಿಗೆ ಹೇಳಲಿಲ್ವಾ?"

"ಇಲ್ಲ. ಕುರಿ ಕಾಯೋರಿಗೇ ಮೊದ್ಲು."

"ಆ ದೇವ್ರಿಗೆ ಬುದ್ಧಿ ಐತೆ ಬಿಡು," ಎಂದು ಅಜ್ಜ ಒಳಗೆ ಕೂಗಿ ಅಜ್ಜಿಯನ್ನು ಕರೆದರು. ನಾನು ಕಥೆಯನ್ನು ಇನ್ನೊಮ್ಮೆ ಹೇಳಬೇಕಾಯಿತು. ಒಲೆಯ ಮುಂದಿದ್ದ ಅತ್ತೆಯೂ ಬಾಗಿಲಿಗೆ ಬಂದು ನಿಂತರು. ಅವರಿಗೆ ಆಗ ಮೂವತ್ತರ ಒಳಗಿನ ವಯಸ್ಸು.

ಅಜ್ಜಿ ಕಥೆಯನ್ನು ಅಜ್ಜನ ಹಾಗೆ ಕೇಳಲಿಲ್ಲ. ಸೂಲಗಿತ್ತಿಯ ಹಾಗೆ ಕೇಳಿದರು. "ಚಳಿಗಾಲ ಅಂತೀಯ. ಕೂಸಿಗೆ ಏನು ಹೊದಿಸಿದ್ರು?"

"ಬಟ್ಟೆ ಸುತ್ತಿ ಹುಲ್ಲಿನ ಮೇಲೆ ಮಲಗಿಸಿದ್ರಂತೆ."

"ಬರೀ ಬಟ್ಟೆ? ಆ ಕುರಿ ಕಾಯೋರು ಬಂದ್ರಲ್ಲ, ಏನು ತಂದ್ರು?"

ಸಿಸ್ಟರ್ ಹೇಳಿದ ಕಥೆಯಲ್ಲಿ ರಾಜರು ಬಂಗಾರ ತಂದಿದ್ದರು. ಕುರಿ ಕಾಯುವವರು ಏನು ತಂದರೆಂದು ಇರಲಿಲ್ಲ. "ಏನೂ ಇಲ್ಲ ಅಜ್ಜಿ. ನೋಡಿ ಕೈ ಮುಗಿದು ಹೋದ್ರು."

ಅಜ್ಜಿಗೆ ಅದು ಸಹಿಸಲಾಗದ ಮಾತು. ನಮ್ಮಲ್ಲಿ ಹುಟ್ಟಿದ ಮಗುವನ್ನು ಬರಿಗೈಯಲ್ಲಿ ನೋಡಲು ಹೋಗುವುದಿಲ್ಲ. ಅದರಲ್ಲೂ ಕುರಿ ಸಾಕುವ ಮನೆಯವರು ಬಾಣಂತಿಗೆ ಕಂಬಳಿ ಕೊಡದೆ ಬಂದರೆಂದರೆ ನಾಲ್ಕು ಹಳ್ಳಿ ಆಡಿಕೊಳ್ಳುತ್ತದೆ. "ಹೆಗಲ ಮ್ಯಾಲೆ ಕಂಬಳಿ ಇಟ್ಕೊಂಡು, ಕೂಸು ನಡುಗೋದು ನೋಡಿ ಹಂಗೇ ಹೋದ್ರಾ? ಮರ್ಯಾದೆ ಕಳದ್ರು ನಮ್ಮೋರು," ಎಂದು ಅಜ್ಜಿ, ನಿನ್ನೆ ಮೊನ್ನೆ ಪಕ್ಕದ ಊರಿನಲ್ಲಿ ನಡೆದ ಸಂಗತಿಗೆ ಬೈಯುವಂತೆ ಬೈದರು. ಅಜ್ಜನೂ ತಲೆ ತಗ್ಗಿಸಿದರು. ಆಮೇಲೆ ಇಬ್ಬರೂ ಕೂಡಿ ತಾವೇ ಒಂದು ತೀರ್ಮಾನಕ್ಕೆ ಬಂದರು. ಅವತ್ತಿನ ಆ ತಪ್ಪಿಗಾಗಿಯೇ ಈ ಹಬ್ಬದಲ್ಲಿ ಅಜ್ಜ ಅಜ್ಜಿಯರು ಮಕ್ಕಳಿಗೆ ಕೊಡುವುದು. ಬೇರೆಯವರು ಏನು ಕೊಡುತ್ತಾರೋ ಗೊತ್ತಿಲ್ಲ, ಕುರಿಯವರಾದ ನಾವು ಕೊಡಬೇಕಾದ್ದು ಕಂಬಳಿ. ನಾನು "ಬೊಂಬೆ" ಎಂದು ಬಾಯಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಜ್ಜಿ ಮರಿಗಳ ಮೊದಲ ಉಣ್ಣೆಯನ್ನೇ ಆರಿಸಿದರು. ಅದು ಮೆತ್ತಗಿರುತ್ತದೆ, ಚುಚ್ಚುವುದಿಲ್ಲ. ನಡೆಯುತ್ತ, ಮಾತಾಡುತ್ತ, ಕುರಿಗೆ ಹಚಾ ಹಚಾ ಎನ್ನುತ್ತ ನೂಲು ತೆಗೆಯುತ್ತಿದ್ದರು ಎಂದು ಅವ್ವ ಆಮೇಲೆ ಹೇಳುತ್ತಿದ್ದಳು. ನೂಲಿಗೆ ಹುಣಸೆಬೀಜದ ಗಂಜಿ ಹಾಕಿಸಿ, ಊರಿನಲ್ಲಿದ್ದ ನೇಯುವವರಿಂದ ನೇಯಿಸಿದರು. ಕಪ್ಪು ಕಂಬಳಿ, ಎರಡು ಅಂಚಿಗೂ ಕೆಂಪು ಗೆರೆ.

ಡಿಸೆಂಬರ್ ಇಪ್ಪತ್ಮೂರಕ್ಕೆ ಅಜ್ಜ ಅದನ್ನು ಹೆಗಲಿಗೆ ಹಾಕಿಕೊಂಡು ಚನ್ನಗಿರಿಗೆ ಬಂದರು. ಅವ್ವ ತನ್ನ ಅಪ್ಪನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಪಂಚಮಿಯೂ ಅಲ್ಲ, ಗೌರಿಯೂ ಅಲ್ಲ, ತವರಿನಿಂದ ಅಪ್ಪ ಉಡುಗೊರೆ ಹೊತ್ತು ಬಂದಿದ್ದಾರೆ. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿದ್ದು ಕಡಿಮೆ. ಸುಳ್ಳು ಹೇಳಿದೆನೆಂದು ಬಾಯಿ ಬಿಡುವ ಧೈರ್ಯ ಆಗಲೇ ಹೋಯಿತು.

ಅಜ್ಜ ಕಂಬಳಿ ಬಿಚ್ಚಿ ನನ್ನ ಮೇಲೆ ಹೊದಿಸಿದರು. ಹೆಗಲಿಂದ ಸೊಂಟಕ್ಕೂ ಸಾಲಲಿಲ್ಲ. ಹುಟ್ಟಿದ ಮಗುವಿನ ಹಬ್ಬವೆಂದು ಅಜ್ಜಿ ಅದನ್ನು ಹುಟ್ಟಿದ ಮಗುವಿನ ಅಳತೆಗೇ ನೇಯಿಸಿದ್ದರು. ಕುರಿ ವಾಸನೆ, ಗಂಜಿಯ ವಾಸನೆ. ನಾನು ಅತ್ತುಬಿಟ್ಟೆ. ಬೊಂಬೆ ಹೋಯಿತು, ಹೊದೆಯಲೂ ಬಾರದ ಕಂಬಳಿ ಬಂತು. ಅಜ್ಜ ಅದನ್ನು ಸಂತೋಷದ ಅಳು ಎಂದುಕೊಂಡು ನನ್ನ ತಲೆ ಸವರಿದರು.

ಮರುದಿನ ಇನ್ನೊಂದು ಗಂಡಾಂತರ ಕಾದಿತ್ತು. ಅಂದು ಶಾಲೆಯಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮ. ನಾನು ಕಂಬಳಿಯನ್ನು ಮನೆಯಲ್ಲೇ ಬಿಟ್ಟು ಹೊರಡುವವಳಿದ್ದೆ. ಅಜ್ಜ ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, "ನಡಿ, ನಾನೇ ಕೊಟ್ಟು ಹೇಳಿ ಬರ್ತೀನಿ. ಆಮ್ಯಾಲೆ ಇವಳು ತಂದಿಲ್ಲ ಅಂತ ನಿಲ್ಲಿಸಿದ್ರೆ?" ಎಂದು ಹೊರಟೇಬಿಟ್ಟರು. ನೆಲ ಬಾಯಿ ಬಿಟ್ಟರೆ ಸಾಕು ಅಂತಾರಲ್ಲ, ನಾನು ನಿಜವಾಗಿಯೂ ದಾರಿಯುದ್ದಕ್ಕೂ ರಸ್ತೆ ನೋಡುತ್ತ ನಡೆದೆ.

ಶಾಲೆಯ ಅಂಗಳದಲ್ಲಿ ನಮ್ಮ ಕ್ಲಾಸಿನ ಸಿಸ್ಟರ್ ಸಿಕ್ಕರು. ಎತ್ತರದ ಹೆಂಗಸು, ಮಾತು ಕಡಿಮೆ. ಅಜ್ಜ ಚಪ್ಪಲಿಯನ್ನು ದೂರ ಬಿಟ್ಟು ಬಂದು ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು. "ಅಮ್ಮಾರೇ, ನಾವು ಇವಳ ಅಜ್ಜ. ನಮ್ಮ ಕೂಸಿಗೆ ಹಬ್ಬದ ಉಡುಗೊರೆ ಕೊಟ್ಟೀವಿ ರೀ. ನೀವು ನೋಡ್ರಿ. ಹೊರಗೆ ಮಾತ್ರ ನಿಲ್ಲಿಸಬ್ಯಾಡ್ರಿ."

ಸಿಸ್ಟರ್ ಅಜ್ಜನನ್ನು ನೋಡಿದರು. ಕಂಬಳಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟ ನನಗೆ ಈಗಲೂ ನೆನಪಿದೆ. ಎಲ್ಲ ತಿಳಿದುಹೋಯಿತೆಂದು ಗೊತ್ತಾಯಿತು. ಆದರೆ ಅವರು ಕಂಬಳಿ ಇಸಿದುಕೊಂಡು ಕೈಯಾಡಿಸಿ, "ತುಂಬಾ ಒಳ್ಳೆಯ ಉಡುಗೊರೆ. ನಿಲ್ಲಿಸುವುದಿಲ್ಲ," ಎಂದರು. ಅಷ್ಟೇ ಅಲ್ಲ, ಅಜ್ಜನನ್ನು ಒಳಗೆ ಕರೆದೊಯ್ದು ಹುಲ್ಲು ಹಾಸಿ, ಬೊಂಬೆ ಜೋಡಿಸಿ ಮಾಡಿದ್ದ ಗೋದಲಿ, ಅಂದರೆ ಆ ಕೊಟ್ಟಿಗೆಯ ಮಾದರಿ, ತೋರಿಸಿದರು. ಅಜ್ಜ ಬೊಂಬೆಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ಕುರಿಗಳಿಗೆ ಕಿವಿ ಸಣ್ಣದಾಯಿತು ಎಂದರು. ಕೋಲು ಹಿಡಿದು ನಿಂತ ಮಣ್ಣಿನ ಬೊಂಬೆಯನ್ನು ತೋರಿಸಿ, "ಇವನ್ಯಾವ ಕುರಿ ಕಾಯೋನು ರೀ, ಹೆಗಲ ಮ್ಯಾಲೆ ಏನೂ ಇಲ್ಲ. ಅದಕ್ಕೇ ಕೂಸಿಗೆ ಕೊಡಾಕೆ ಆಗಿಲ್ಲ ಪಾಪ," ಎಂದರು. ಸಿಸ್ಟರ್ ಮುಖ ಆಚೆ ತಿರುಗಿಸಿಕೊಂಡರು. ನಕ್ಕರೋ ಏನೋ ನನಗೆ ಕಾಣಲಿಲ್ಲ.

ಹೊರಡುವಾಗ ಗೇಟಿನ ಹತ್ತಿರ ಅಜ್ಜ ಬಗ್ಗಿ ನನ್ನ ಕಿವಿಯಲ್ಲಿ ಕೇಳಿದರು. "ಇನ್ನು ನಿಲ್ಲಿಸಲ್ಲ ಅಂದ್ರಲ್ಲ. ಈಗ ಸಮಾಧಾನ ಆತಾ?" ಅವರು ಅಷ್ಟು ದಿನ ಈ ಒಂದು ಚಿಂತೆಯನ್ನೇ ಇಟ್ಟುಕೊಂಡಿದ್ದರೆಂದು ನನಗೆ ಆಗ ಹೊಳೆಯಿತು. ಮೊಮ್ಮಗಳು ಬಿಸಿಲಲ್ಲಿ ಒಬ್ಬಳೇ ನಿಂತಿರುತ್ತಾಳೆ ಎಂಬುದು. ನಾನು ತಲೆ ಆಡಿಸಿದೆ. ಅವರು ಹೋದ ಮೇಲೆ ಕಂಬಳಿಯನ್ನು ಎದೆಗೆ ಅವುಚಿಕೊಂಡು ಒಳಗೆ ಹೋದೆ. ಕಂಪೌಂಡರ್ ಮಗಳು ಮುಟ್ಟಲು ಬಂದಳು. ಕೈ ತೊಳೆದು ಬಾ ಎನ್ನಲು ಬಾಯಿ ತುದಿಗೆ ಬಂದಿತ್ತು, ಯಾಕೋ ಬೇಡವೆನ್ನಿಸಿತು. ಇಬ್ಬರೂ ಮಡಿಲ ಮೇಲೆ ಹಾಕಿಕೊಂಡು ಕೂತೆವು. ಮಡಿಲಿಗೆ ಸರಿಯಾಗಿತ್ತು.

ಆ ಕಂಬಳಿಯನ್ನು ನಾನು ಇಷ್ಟು ವರ್ಷ ಬಿಟ್ಟಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೂರಗೊಂಡನಕೊಪ್ಪದ ಸುತ್ತಿನಲ್ಲಿ ಮನೆಹೆರಿಗೆಗಳು ಇನ್ನೂ ಆಗುತ್ತಿದ್ದ ಕಾಲ. ಮಗುವಿಗೆ ಮೊದಲು ಹತ್ತಿ ಬಟ್ಟೆ, ಅದರ ಮೇಲೆ ಇದು. ಹುಟ್ಟಿದ ಮಗುವಿನ ಅಳತೆ ಎಂದರೆ ಏನೆಂದು ಅಜ್ಜಿಗೆ ಗೊತ್ತಿತ್ತು, ಬೆರಳಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ನನ್ನ ಮಗಳೂ ಅದರಲ್ಲೇ ಬೆಚ್ಚಗಾದಳು. ಈಗ ಎಲ್ಲರೂ ಆಸ್ಪತ್ರೆಗೆ ಹೋಗುತ್ತಾರೆ, ಒಳ್ಳೆಯದೇ. ಈಗ ಅದು ಚಳಿಗಾಲದ ಬಸ್ಸಿನಲ್ಲಿ ನನ್ನ ಮೊಣಕಾಲಿನ ಮೇಲಿರುತ್ತದೆ. ಕೆಂಪು ಗೆರೆ ಒಂದು ಕಡೆ ಪೂರ್ತಿ ಹೋಗಿದೆ. ನನ್ನದು ಎಂದು ನಾನು ಹೇಳುವ ವಸ್ತುಗಳಲ್ಲಿ ಅದರಷ್ಟು ಪ್ರೀತಿಯದು ಇನ್ನೊಂದಿಲ್ಲ.

ಉಡುಗೊರೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಕಡೆ ಹೆಣ್ಣುಮಗಳಿಗೆ ಒಂದು ಹಬ್ಬಕ್ಕೆ ಒಮ್ಮೆ ಕೊಟ್ಟರೆ ಮುಗಿಯಿತು, ಅದು ಪದ್ಧತಿ. ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಮನೆಗೆ ಒಳ್ಳೆಯದಾಗುವುದಿಲ್ಲ ಎಂಬ ನಂಬಿಕೆ. ಅಜ್ಜ ಇರುವಷ್ಟು ವರ್ಷ ಪ್ರತಿ ಡಿಸೆಂಬರಿನಲ್ಲಿ ಬಂದರು. ಶೇಂಗಾ ಉಂಡೆ ತಂದರು, ಬಳೆ ತಂದರು, ಒಮ್ಮೆ ಕನ್ನಡಿ ತಂದರು. ಕ್ರಿಸ್‌ಮಸ್ ಎಂಬ ಹೆಸರು ಅವರ ಬಾಯಿಗೆ ಕೂರಲಿಲ್ಲ. ಬಿಳಿಚೋಡಿನ ಮನೆಯಲ್ಲಿ ಅದಕ್ಕೆ ಕಂಬಳಿ ಹಬ್ಬ ಎಂದೇ ಹೆಸರಾಯಿತು. ಅಜ್ಜಿ ಹೋದರು, ಆಮೇಲೆ ಅಜ್ಜ ಹೋದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅದೇ ವರ್ಷ ಡಿಸೆಂಬರಿನಲ್ಲಿ ಕುಪ್ಪಸದ ಬಟ್ಟೆ, ಎಳ್ಳುಂಡೆ ಹಿಡಿದು ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅದಾಗಿ ಇಪ್ಪತ್ತೈದು ವರ್ಷ.

ಈ ಸಲ ನವೆಂಬರಿನಲ್ಲೇ ಅತ್ತೆಯ ಮಗ ಫೋನ್ ಮಾಡಿದ. ನನಗಿಂತ ಐದು ವರ್ಷ ಚಿಕ್ಕವನು, ಮಾವ ತೀರಿಕೊಂಡ ಮೇಲೆ ಮನೆ ನೋಡಿಕೊಳ್ಳುವವನು ಅವನೇ.

"ಅಕ್ಕ, ಅವ್ವಂಗೆ ಎಪ್ಪತ್ತು ದಾಟೈತೆ. ಹೋದ ವರ್ಷ ನಿಮ್ಮನಿಗೆ ಬರಾಕೆ ಹೋಗಿ ದಾವಣಗೆರೆ ಬಸ್ ಸ್ಟ್ಯಾಂಡಿನಾಗೆ ಬಿದ್ದಿದ್ದು ನಿಂಗೆ ಹೇಳೀತಾ?"

ಹೇಳಿರಲಿಲ್ಲ. ಮೊಣಕೈ ಊದಿದ್ದನ್ನು ಕೇಳಿದ್ದಕ್ಕೆ ಸೊಳ್ಳೆ ಎಂದಿದ್ದರು.

"ಕಾರು ಮಾಡ್ತೀನಿ ಅಂದ್ರೆ ಒಲ್ಲೆ ಅಂತೈತೆ. ನಾನೇ ಹೋಗಿ ಕೊಟ್ಟು ಬರ್ತೀನಿ ಅಂದ್ರೂ ಒಲ್ಲೆ. ಪದ್ಧತಿ ಅಂತೈತೆ. ನಾವು ಹೇಳಿದ್ರೆ ಕೇಳಲ್ಲ ಅಕ್ಕ. ನೀನೇ ಬ್ಯಾಡ ಅಂದ್ರೆ ನಿಲ್ಲತೈತೆ."

ಅವನ ಮಾತು ನ್ಯಾಯವಾಗಿತ್ತು. ನನಗೂ ಒಳಗೊಳಗೆ ಹಗುರವಾಯಿತು. ಆದರೆ ಹೇಗೆ ಹೇಳುವುದು? ಹಬ್ಬದ ಉಡುಗೊರೆ ಬೇಡವೆಂದರೆ ಮನೆಯನ್ನೇ ಬೇಡವೆಂದ ಹಾಗೆ. ಉಳಿದ ದಾರಿ ಒಂದೇ, ಇಂಥದೊಂದು ಹಬ್ಬದ ಪದ್ಧತಿಯೇ ಇರಲಿಲ್ಲ ಎಂದು ಹೇಳಿಬಿಡುವುದು. ಅವ್ವನೂ ಈಗಿಲ್ಲ, ನೊಂದುಕೊಳ್ಳುವವರು ಯಾರೂ ಇಲ್ಲ. ಈ ವರ್ಷ ಅತ್ತೆ ಬರಲಿ, ಇದೇ ಕೊನೆಯಾಗಲಿ, ನಾನು ಹೇಳುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ.

ಅತ್ತೆ ಇಪ್ಪತ್ನಾಲ್ಕಕ್ಕೆ ಬಂದರು. ಇಪ್ಪತ್ತೈದರ ಬೆಳಗ್ಗೆ ಸ್ನಾನ ಮಾಡಿಸಿ, ಕುಂಕುಮವಿಟ್ಟು, ಒಂದು ಸ್ಟೀಲ್ ಡಬ್ಬಿ ತುಂಬ ನವಣೆ ಉಂಡೆ, ಮೇಲೊಂದು ಹಸಿರು ಕುಪ್ಪಸದ ಬಟ್ಟೆ ಕೊಟ್ಟರು. ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಇಬ್ಬರೂ ಅವರೆಕಾಯಿ ಬಿಡಿಸುತ್ತ ಕೂತಾಗ ನಾನು ಎಲ್ಲ ಹೇಳಿದೆ. ಬೊಂಬೆ, ಸಿಟ್ಟು, ಹೊರಗೆ ನಿಲ್ಲಿಸುತ್ತಾರೆ ಎಂದು ಕಟ್ಟಿದ ಮಾತು, ಸಿಸ್ಟರ್ ಬಾಯಿ ಮುಚ್ಚಿಕೊಂಡಿದ್ದು. ಒಂದನ್ನೂ ಬಿಡಲಿಲ್ಲ.

ಅತ್ತೆ ಕಾಯಿ ಬಿಡಿಸುವುದನ್ನು ಬಿಟ್ಟು ಕೇಳಿದರು. ಆಮೇಲೆ ನಗಲು ಶುರುಮಾಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ಅಯ್ಯೋ ನಿನ್ನ! ನಮ್ಮ ಮಾವ ಅಷ್ಟು ದೂರ ಹೋಗಿ ಅಮ್ಮಾರಿಗೆ ಕೈ ಮುಗದು ಬಂದ್ರಲ್ಲೇ! ಬಂದು ಮೂರು ದಿನ ಅದೇ ಮಾತು!"

ನಾನೂ ನಕ್ಕೆ. ಕಷ್ಟದ ಕೆಲಸ ಸಲೀಸಾಗಿ ಮುಗಿಯಿತೆಂದು ಉಸಿರು ಬಿಟ್ಟು, "ಅದಕ್ಕೇ ಅತ್ತೆ, ಇನ್ನು ಮುಂದೆ ನೀವು ಈ ವಯಸ್ಸಲ್ಲಿ ಬಸ್ ಹತ್ತಿ ಬರೋದು ಬೇಡ. ಇದೇನು ಪದ್ಧತಿ ಅಲ್ಲ, ನಿಲ್ಲಿಸಿದ್ರೆ ದೋಷನೂ ಇಲ್ಲ," ಎಂದೆ.

ಅತ್ತೆಯ ನಗು ನಿಂತಿತು. ಮಡಿಲಲ್ಲಿದ್ದ ಕಾಯಿಗಳನ್ನು ಸುಮ್ಮನೆ ಆ ಕಡೆ ಈ ಕಡೆ ಮಾಡಿದರು.

"ಇದನ್ನ ನನ್ನ ಮಗಂಗೆ ಹೇಳೀಯಾ?"

"ಇನ್ನೂ ಇಲ್ಲ."

"ಹೇಳಬ್ಯಾಡ."

ಅವರ ದನಿ ಹಾಗೆ ಗಟ್ಟಿಯಾಗಿದ್ದನ್ನು ನಾನು ಕೇಳಿರಲೇ ಇಲ್ಲ. ಯಾಕೆಂದು ಕೇಳುವ ಮೊದಲೇ ಅವರು ಮಾತಾಡತೊಡಗಿದರು, ನನ್ನ ಕಡೆ ನೋಡದೆ, ಅವರೆಕಾಯಿಯ ಕಡೆ ನೋಡುತ್ತ.

"ನಾನು ಆ ಮನಿಗೆ ಬಂದಾಗ ಹದಿನಾರು ವರ್ಷ. ನಂಗೆ ತವರು ಇರಲಿಲ್ಲ, ಅಪ್ಪ ಅವ್ವ ಮೊದ್ಲೇ ಹೋಗಿದ್ರು, ನಿಂಗೆ ಗೊತ್ತೈತೆ. ಪಂಚಮಿ ಬಂದ್ರೆ ಎಲ್ಲಾ ಹೆಣ್ಮಕ್ಕಳಿಗೂ ಅಣ್ಣನೋ ತಮ್ಮನೋ ಕರಿಯಾಕೆ ಬರೋರು. ನಾನು ಒಲೆ ಮುಂದೆ. ಯಾರೂ ಬೈಲಿಲ್ಲ, ಬಡೀಲಿಲ್ಲ, ಸುಳ್ಳು ಹೇಳಬಾರದು. ಆದ್ರೆ ಎಲ್ಲಿಗೆ ಅಂತ ಹೋಗ್ಲಿ? ಹೊಲ, ಹಟ್ಟಿ, ಮನೆ. ನಮ್ಮಂಥೋರು ಬಸ್ ಹತ್ತಬೇಕಂದ್ರೆ ಯಾರಾದ್ರೂ ಹೆರಬೇಕು, ಇಲ್ಲ ಸಾಯಬೇಕು."

ನಾನು ಕಾಳಿನ ತಟ್ಟೆಯನ್ನು ಅವರ ಹತ್ತಿರ ಸರಿಸಿದೆ.

"ನಿಮ್ಮಜ್ಜ ತೀರಿಕೊಂಡ ವರ್ಷ ನಿಮ್ಮ ಮಾವ ಅಂದ್ರು, ಬಿಡು, ಅದೇನು ನಮ್ಮ ಹಬ್ಬನಾ ಅಂತ. ಕೊಟ್ಟ ಹಬ್ಬ ನಿಲ್ಲಿಸಬಾರದು, ಮನಿಗೆ ಒಳ್ಳೇದಲ್ಲ, ನಿಮಗೆ ಬಿಡುವಿಲ್ಲ ಅಂದ್ರೆ ನಾನೇ ಹೋಗ್ತೀನಿ ಅಂದೆ. ಅವರಿಗೆ ಎದುರು ಆಡಿದ್ದು ಅದೊಂದೇ ಸಲ. ದೋಷ ಅಂದಮ್ಯಾಲೆ ಅವರೂ ಸುಮ್ಮನಾದ್ರು. ಅವತ್ತು ಒಬ್ಬಳೇ ಬಸ್ ಹತ್ತಿದೆ. ಟಿಕೆಟ್ ನಾನೇ ಇಸಗಂಡೆ. ಕಿಟಕಿ ಪಕ್ಕ ಕೂತೆ. ದಾವಣಗೆರೆನಾಗೆ ಇಳದು ಒಂದು ಚಾ ಕುಡದೆ, ಯಾರಿಗೂ ಕೇಳದಂಗೆ. ಆಮ್ಯಾಲೆ ಭದ್ರಾ ಕಾಲುವೆ ಬರತೈತೆ ನೋಡು, ಗದ್ದೆ ಎಲ್ಲಾ ಹಸರು. ನಮ್ಮ ಕಡೆ ಎಲ್ಲೈತೆ ಅಷ್ಟು ಹಸರು?"

ಅತ್ತೆ ಒಂದು ಕಾಯಿ ಬಿಡಿಸಿದರು. ಕಾಳು ತಟ್ಟೆಗೆ ಬೀಳದೆ ಮೆಟ್ಟಿಲ ಕೆಳಗೆ ಉರುಳಿತು.

"ವರ್ಷಕ್ಕೆ ಎರಡು ದಿನ ಕಣೆ ನಂದು. ಹೋಗೋ ದಿನ ಒಂದು, ಬರೋ ದಿನ ಒಂದು. ನಿನ್ನ ಮನ್ಯಾಗೆ ಇರೋ ದಿನ ಬಿಡು, ನೀನೂ ದಣದಿರ್ತೀಯ, ನಂಗೂ ಏನು ಮಾತಾಡಬೇಕು ಅಂತ ತಿಳಿಯಲ್ಲ. ಆದ್ರೆ ಆ ಎರಡು ದಿನ ನಂಗೆ ಬೇಕು. ಈ ನೆವ ಹೋದ್ರೆ ನಾನು ಇನ್ನ್ಯಾವ ನೆವ ಹುಡುಕಲಿ? ಹೇಳು. ಕೊಡಾಕೆ ಹೋಗ್ತೀನಿ ಅಂದ್ರೆ ಯಾರೂ ತಡಿಯಲ್ಲ. ಸುಮ್ನೆ ಹೋಗಬೇಕು ಅನ್ನಿಸೈತೆ, ಹೋಗ್ತೀನಿ ಅಂದ್ರೆ ಬಿಡ್ತಾರಾ?"

ಕಪಾಳಕ್ಕೆ ಹೊಡೆದಂತಾಯಿತು. ಇಪ್ಪತ್ತೈದು ವರ್ಷ ಈ ಹೆಂಗಸು ನನಗಾಗಿ ಬರುತ್ತಾರೆಂದು ನಾನು ಬೇಸರಪಟ್ಟಿದ್ದೆ. ನಾನು ದಣಿದಿರುವುದು ಅವರಿಗೆ ಗೊತ್ತಿತ್ತು, ಪ್ರತಿ ವರ್ಷ ಗೊತ್ತಿತ್ತು, ಆದರೂ ಬಂದಿದ್ದರು. ದಿನಾ ನಾಲ್ಕು ಬಸ್ಸು ಹತ್ತಿ ಇಳಿದು ಶಾಪ ಹಾಕುವವಳು ನಾನು. ಬಸ್ಸು ಹತ್ತಲು ಒಂದು ಹಬ್ಬ ಬೇಕಾದವರ ಮುಂದೆ ಕೂತು, ಇನ್ನು ಬರಬೇಡಿ ಎಂದು ಹೇಳಿದ್ದೆ. ಅದನ್ನು ದಯೆ ಎಂದುಕೊಂಡಿದ್ದೆ. ಅವರ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಆದರೆ ನಮ್ಮ ನಡುವೆ ಅಂಥ ರೂಢಿ ಇಲ್ಲ. ಉರುಳಿದ ಕಾಳು ಆರಿಸಿ ತಟ್ಟೆಗೆ ಹಾಕಿದೆ. "ಹೇಳಲ್ಲ ಅತ್ತೆ," ಎಂದೆ. ಅವರು ಹೂಂ ಎಂದು ಮುಂದಿನ ಕಾಯಿಗೆ ಕೈ ಹಾಕಿದರು.

ಇಪ್ಪತ್ತಾರರ ಬೆಳಗ್ಗೆ ಹೊನ್ನಾಳಿ ಬಸ್ ಸ್ಟ್ಯಾಂಡಿಗೆ ಅವರನ್ನು ಕರೆದೊಯ್ದೆ. ದಾವಣಗೆರೆವರೆಗೆ ನಾನೂ ಬರಲೇ ಎಂದಿದ್ದಕ್ಕೆ, "ನಿನ್ನ ಡ್ಯೂಟಿ ನೋಡ್ಕ ಹೋಗು," ಎಂದರು. ಬಸ್ಸು ಬಂತು. ಮೆಟ್ಟಿಲು ಎತ್ತರ, ನಾನು ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟೆ. ಕಂಡಕ್ಟರಿಗೆ, ಸ್ವಲ್ಪ ನೋಡಿ ಇಳಿಸಿ ಅಣ್ಣಾ ಎಂದಾಗ ಅತ್ತೆ ಒಳಗಿನಿಂದಲೇ, "ನಾನೇನು ಪಾರ್ಸಲ್ಲಾ?" ಎಂದರು. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹುಡುಗಿಯನ್ನು ಏಳಿಸಿ ತಾವು ಕೂತರು. ಸೆರಗು ಸರಿಮಾಡಿಕೊಂಡರು. ಖಾಲಿ ವೈರ್ ಬ್ಯಾಗನ್ನು ಕಾಲ ಬಳಿ ಇಟ್ಟರು.

ನಾನು ಕೆಳಗೆ ನಿಂತು ಕೈ ಎತ್ತಿದೆ. ಬಸ್ಸು ಹೊರಟಿತು. ಅತ್ತೆ ನನ್ನ ಕಡೆ ನೋಡಲಿಲ್ಲ. ಅವರು ಆಗಲೇ ಮುಂದಿನ ರಸ್ತೆಯನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ಒಂದು ತೆಳು ನಗು ಇತ್ತು. ಎರಡು ದಿನ ನನ್ನ ಮನೆಯಲ್ಲಿದ್ದಾಗ ಅದನ್ನು ನಾನು ಕಂಡಿರಲಿಲ್ಲ.

ಬಸ್ಸು ತಿರುವು ದಾಟುವಷ್ಟರಲ್ಲಿ ಅವರ ಮಗನ ಫೋನು.

"ಹೇಳಿದ್ಯಾ ಅಕ್ಕ?"

"ಮಾತಾಡಿದೆ."

"ಏನಂತು? ಮುಂದಿನ ವರ್ಷದಿಂದ ಬರಲ್ಲ ತಾನೆ?"

"ಬರ್ತಾರೆ," ಎಂದೆ. "ಊರಾಗೆ ನೀನು ಹತ್ತಿಸು, ಇಲ್ಲಿ ನಾನು ಇಳಿಸ್ಕಂತೀನಿ. ನಡುವೆ ಯಾರೂ ಹೋಗೋದು ಬ್ಯಾಡ."

"ಒಬ್ಬಳೇನಾ? ಬಿದ್ರೆ?"

ಬೀಳಬಹುದು. ಬಿದ್ದು ಮೂಳೆ ಮುರಿದುಕೊಂಡ ಮುದುಕಿಯರನ್ನು ಮನೆ ಮನೆಯಲ್ಲಿ ನೋಡಿದವಳು, ನನಗೆ ಗೊತ್ತು. "ಬಿದ್ರೆ ಬೀಳ್ತಾರೆ ಕಣೋ," ಎಂದೆ. "ಆದ್ರೆ ನಿಲ್ಲಿಸಬ್ಯಾಡ."